ತಂಪಿನ ಬಿಲ್ಲು ಯಾರಿಗೆ?

ವಾರಂಟಿ ಮುಗಿದ ಎರಡೇ ತಿಂಗಳಿಗೆ ನನ್ನ ಕಾರಿನ ಏಸಿ ಕಂಪ್ರೆಸರ್ ಕೈಕೊಟ್ಟಿತು. ರಿಪೇರಿಯ ಮೊತ್ತ ಕೇಳಿಯೇ ಬೆವರಿದೆ! ಈ ದುಬಾರಿ ತಂಪಿನ ಚರಿತ್ರೆ ಏನು ಅಂತ ಹುಡುಕಿದೆ ನೋಡಿ...

ಕಾರಿಗೆ ಮೊದಲು ಏಸಿ ಕೊಟ್ಟದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾಡೆಲ್‌ಗಳಲ್ಲಿ. ಬೆಲೆ 274 ಡಾಲರ್. ಯಂತ್ರ ಡಿಕ್ಕಿಯ ಜಾಗ ನುಂಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ಚೇ ಇಲ್ಲ. ತಂಪು ಬೇಡವೆಂದರೆ ಇಳಿದು, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತಂತೆ! 1941ರ ನಂತರ ಪ್ಯಾಕರ್ಡ್ ಅದನ್ನು ಕೈಬಿಟ್ಟಿತು. 1954ರಲ್ಲಿ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗದಲ್ಲೇ ಕೂರಿಸಿತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಓಝೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995ರ ಕೊನೆಗೆ ಅಮೆರಿಕದಲ್ಲಿ ಆರ್-12 ಅನಿಲದ ತಯಾರಿಕೆ ನಿಂತಿತು. ಅದರ ಬದಲು ಬಂದ ಆರ್-134ಎ ಹಳೆಯ ಖನಿಜ ತೈಲದೊಡನೆ ಬೆರೆಯದು. ಗ್ಯಾಸ್ ಸೋರಿದ ಹಳೇ ಕಾರಿನವರಿಗೆ ಉಳಿದದ್ದು ಎರಡೇ ದಾರಿ: ದಾಸ್ತಾನಿನಲ್ಲಿದ್ದ ಆರ್-12ಕ್ಕೆ ದುಬಾರಿ ಬೆಲೆ ತೆರುವುದು, ಇಲ್ಲವೇ ಎಣ್ಣೆ, ಕೆಲವು ಬಿಡಿಭಾಗ ಬದಲಿಸಿ ಹೊಸ ಅನಿಲಕ್ಕೆ ಒಗ್ಗಿಸುವುದು. ವಾರಂಟಿ ಮುಗಿದವರಿಗೆ ಎರಡರಲ್ಲೂ ಖರ್ಚು ಸ್ವಂತದ್ದೇ.

ಓಝೋನ್ ಈಗ ಚೇತರಿಸಿಕೊಳ್ಳುತ್ತಿದೆ, ಒಪ್ಪಂದ ಬೇಕೇ ಇತ್ತು. ಆದರೆ ಲೋಕಕ್ಕೆಲ್ಲ ಒಳಿತಾದ ಕೆಲಸದ ಬಿಲ್ಲನ್ನು ಹಳೇ ಕಾರಿನವನೊಬ್ಬನೇ ಕಟ್ಟಬೇಕಿತ್ತೇ? ನೀವೇನಂತೀರಿ?