ಹಾರುವುದಿಲ್ಲ ಎನ್ನುವ ಹಕ್ಕು

ಗುಜರಾತಿನ ಎಣ್ಣೆಯ ಕಥೆ ಶುರುವಾದದ್ದು ನೆಲದ ಮೇಲೆ. 1958ರಲ್ಲಿ ಖಂಭಾತ್ ಬಳಿಯ ಲುಣೇಜ್, 1960ರಲ್ಲಿ ಅಂಕಲೇಶ್ವರ. ಅಹಮದಾಬಾದ್, ವಡೋದರಾ, ಸೂರತ್ ಸುತ್ತಿನ ಬಾವಿಗಳಿಗೆ ಜೀಪಿನಲ್ಲಿ ಹೋಗಬಹುದಿತ್ತು. ಮಳೆ ಜೋರಾದರೆ ಜೀಪು ನಿಲ್ಲುತ್ತಿತ್ತು, ಅಷ್ಟೇ.

1974ರಲ್ಲಿ ಸಾಗರ್ ಸಮ್ರಾಟ್ ಹಡಗು ಬಾಂಬೆ ಹೈನಲ್ಲಿ ಎಣ್ಣೆ ಕಂಡಿತು. ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರ, ನಡುಸಮುದ್ರ. ಸೂರತ್ ಪಕ್ಕದ ಹಜೀರಾ ಘಟಕಕ್ಕೆ ಅನಿಲ ಬರುವುದೂ ಇದೇ ಸಮುದ್ರದ ತಳದ ಪೈಪಿನಲ್ಲಿ. ಅಲ್ಲಿ ದುಡಿಯುವವರಿಗೆ ಹೆಲಿಕಾಪ್ಟರೇ ರಸ್ತೆ. ಪವನ್ ಹಂಸ್ ಕಂಪನಿ 1985ರಲ್ಲಿ ಹುಟ್ಟಿದ್ದೇ ಮುಖ್ಯವಾಗಿ ಒಎನ್‌ಜಿಸಿಯ ಈ ಅಗತ್ಯಕ್ಕಾಗಿ.

ಹಾರಬೇಕೋ ಬೇಡವೋ ಎಂಬ ಕೊನೆಯ ಮಾತು ನಿಯಮದ ಪ್ರಕಾರ ಪೈಲಟ್‌ನದು. ಆದರೆ ಬೇಡ ಎಂದದ್ದರ ಖರ್ಚು ಬೇರೆಯವರ ಲೆಕ್ಕಕ್ಕೆ ಬೀಳುತ್ತದೆ. ಹೆಲಿಕಾಪ್ಟರ್ ಏಳದ ದಿನ ಗಂಟೆ ಲೆಕ್ಕದ ಬಾಡಿಗೆ ಇಲ್ಲ. 14 ದಿನ ದುಡಿದು ಮನೆಗೆ ಹೊರಟವರು ರಿಗ್ ಮೇಲೆಯೇ ಉಳಿಯುತ್ತಾರೆ. ಮುಂದಿನ ಟೆಂಡರಿಗೆ ಇನ್ನೊಂದು ಕಂಪನಿ ಕಾದು ಕುಳಿತಿರುತ್ತದೆ. ಹಾರಲೇಬೇಕೆಂದು ಯಾರೂ ಬರೆದು ಕೊಡಬೇಕಿಲ್ಲ. ‘ಅವರು ಹೋಗಿಬಂದರಲ್ಲ’ ಎಂಬ ಒಂದು ಮಾತು ಸಾಕು.

2003ರ ಆಗಸ್ಟ್ 11ರಂದು ಒಎನ್‌ಜಿಸಿ ಸಿಬ್ಬಂದಿಯಿದ್ದ ಎಂಐ-172 ಸಮುದ್ರಕ್ಕೆ ಬಿದ್ದು 27 ಜನ ಸತ್ತರು. 2022ರ ಜೂನ್ 28ರಂದು ಸಾಗರ್ ಕಿರಣ್ ರಿಗ್ ಬಳಿ ಪವನ್ ಹಂಸ್ ಹೆಲಿಕಾಪ್ಟರ್ ನೀರಿಗಿಳಿದು, ಒಂಬತ್ತು ಜನರಲ್ಲಿ ನಾಲ್ವರು ಉಳಿಯಲಿಲ್ಲ. ಇಂಥ ಅವಘಡಗಳಿಗೆಲ್ಲ ಗಾಳಿಮಳೆಯೇ ಕಾರಣವೆನ್ನಲಾಗದು. ಆದರೆ ಮಳೆಗಾಲದ ಸಮುದ್ರ ಬೇರೆ ಯಾವ ತಪ್ಪನ್ನೂ ಕ್ಷಮಿಸುವುದಿಲ್ಲ.

ಹವಾಮಾನದ ತೀರ್ಮಾನ ಎಷ್ಟು ಭಾರವಾದದ್ದೆಂದು ದೇಶಕ್ಕೆ ತೋರಿಸಿದ್ದು ಮಾತ್ರ ಹೆಲಿಕಾಪ್ಟರಲ್ಲ, ಒಂದು ಬಾರ್ಜ್. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಎಚ್ಚರಿಕೆ ಮೊದಲೇ ಹೊರಟಿತ್ತು. 261 ಜನರಿದ್ದ ಪಿ-305 ಬಂದರಿಗೆ ಮರಳಲಿಲ್ಲ. ಪ್ಲಾಟ್‌ಫಾರ್ಮಿನಿಂದ 200 ಮೀಟರ್ ಸರಿದು ನಿಂತಿತು. ಗಾಳಿ 40 ನಾಟ್ ಮೀರದೆಂಬ ಅಂದಾಜಿನ ಮೇಲೆ ಮಾಸ್ಟರ್ ಹಾಗೆ ನಿರ್ಧರಿಸಿದರೆಂದು ಗುತ್ತಿಗೆದಾರ ಕಂಪನಿ ಆಮೇಲೆ ಹೇಳಿತು. ಲಂಗರುಗಳು ಕಳಚಿದವು, ಮೇ 17ರಂದು ಬಾರ್ಜ್ ಮುಳುಗಿತು. ವರಪ್ರದಾ ಟಗ್‌ನವರೂ ಸೇರಿ ಸತ್ತವರು 86. ಕೆಲವು ದಿನಗಳ ಬಳಿಕ ಸೂರತ್ತಿನ ದಕ್ಷಿಣಕ್ಕಿರುವ ವಲ್ಸಾಡ್ ದಂಡೆಗೂ ಶವಗಳು ತೇಲಿಬಂದವು.

ತಪ್ಪನ್ನೆಲ್ಲ ಮಾಸ್ಟರ್‌ನ ಮೇಲೋ ಪೈಲಟ್‌ನ ಮೇಲೋ ಹಾಕುವುದು ಸುಲಭ. ಅಧಿಕಾರ ಅವರಿಗೆ ಕೊಟ್ಟು, ನಷ್ಟದ ಭಯವನ್ನೂ ಅವರ ಹೆಗಲಿಗೇ ಹೊರಿಸಿದರೆ ಆ ಅಧಿಕಾರ ಕಾಗದದ್ದು. ಗಾಳಿ, ಗೋಚರತೆ, ಅಲೆಯ ಎತ್ತರ ಎಷ್ಟಾದರೆ ಕೆಲಸ ನಿಲ್ಲಬೇಕೆಂಬುದು ಮುಂಚೆಯೇ ಅಂಕಿಯಲ್ಲಿರಬೇಕು. ನಿಂತ ದಿನದ ಬಾಡಿಗೆಯೂ ಕರಾರಿನಲ್ಲಿರಬೇಕು. ಆಗ ಮಾತ್ರ ಬೇಡ ಎನ್ನುವವನು ಒಂಟಿಯಾಗುವುದಿಲ್ಲ.