ಸೈಬರ್ ಕಾನೂನು: ಮಾಹಿತಿ ಸುರಕ್ಷತಾ ವೃತ್ತಿಯಲ್ಲಿ

ಭಾರತದಲ್ಲಿ ಸೈಬರ್ ಕಾನೂನಿಗೆ ಆಧಾರ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. 2008ರ ತಿದ್ದುಪಡಿಯಲ್ಲಿ ಬಹಳಷ್ಟು ಬದಲಾಯಿತು. ಹಳೆ ಮದ್ರಾಸು ರಸ್ತೆ ಹೊರವರ್ತುಲ ರಸ್ತೆಗೆ ಕೂಡುವ ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ, ಲ್ಯಾಪ್‌ಟಾಪ್ ಚೀಲ ಹೊತ್ತು ವೈಟ್‌ಫೀಲ್ಡ್ ಬಸ್ಸಿಗೆ ಕಾಯುವ ಎಷ್ಟೋ ಮಂದಿಗೆ ಇದು ಕಸುಬಿನ ಕಾನೂನು.

ತಿರುಳು ಒಂದೇ: ಅನುಮತಿ. ಮಾಲೀಕರ ಒಪ್ಪಿಗೆಯಿಲ್ಲದೆ ಕಂಪ್ಯೂಟರಿನೊಳಗೆ ಹೊಕ್ಕರೆ ಸೆಕ್ಷನ್ 43ರಡಿ ಪರಿಹಾರ ತೆರಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ವಂಚಿಸುವ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ದೋಷ ತೋರಿಸಲೆಂದೇ ಹೊಕ್ಕೆ’ ಎನ್ನುವವರಿಗೆ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆಯಿಲ್ಲ. ಯಾವ ಸರ್ವರ್, ಯಾವ ಐಪಿ ವಿಳಾಸ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಬರೆದು ಸಹಿ ಹಾಕಿದ ಪತ್ರ ಪರೀಕ್ಷೆಗೆ ಮೊದಲೇ ಕೈಯಲ್ಲಿರಬೇಕು. ಮ್ಯಾನೇಜರ್ ವಾಟ್ಸಾಪಿನಲ್ಲಿ ಕಳಿಸಿದ ಹೆಬ್ಬೆರಳಿನ ಚಿತ್ರವನ್ನು ನೆಚ್ಚಿಕೊಳ್ಳುವಂತಿಲ್ಲ.

ಅನುಮತಿಯ ಜೊತೆಗೆ ವರದಿಯ ಹೊಣೆಯೂ ಇದೆ. ಸೈಬರ್ ದಾಳಿಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಬಗೆಯ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು (ಟಿನ್ ಫ್ಯಾಕ್ಟರಿಯ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕವರಿಗೆ ಉಳಿಯುವುದು ಐದೇ). ಲಾಗ್‌ಗಳನ್ನು 180 ದಿನ ಕಾದಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ, ಕೋರ್ಟಿಗೆ ಕೊಡುವ ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತಾಳೆ ನೋಡಲು ಬಳಸುವ ಸಂಕೇತ) ನಮೂದಿಸಬೇಕು.