ವಿದ್ಯುಚ್ಛಕ್ತಿಯ ಇಂಜಿನಿಯರುಗಳ ಸಂಘಗಳೂ ನಮ್ಮ ತೋರಣಗಲ್ಲಿನ ಸೀಮೆಯೂ

ತೋರಣಗಲ್ಲಿನ ಸುತ್ತಣ ಬಯಲಿನಲ್ಲಿ ನಿಂತು ಯಾವ ದಿಕ್ಕಿಗೆ ದೃಷ್ಟಿಯನ್ನು ಹಾಯಿಸಿದರೂ ಉಕ್ಕಿನ ಗೋಪುರಗಳ ಸಾಲೂ ಅವುಗಳ ಹೆಗಲಮೇಲೆ ತೂಗುವ ತಂತಿಗಳೂ ಕಾಣಬರುವುವು. ಈ ಶಕ್ತಿಯು ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಅದರ ಒಡೆಯರು ಯಾರು, ಅದರ ಬಿಲ್ಲು ಎಷ್ಟು ಎಂಬುದನ್ನು ನಮ್ಮ ಊರ ಹುಡುಗನೂ ಬಲ್ಲನು. ಆದರೆ ಈ ಉಗ್ರವಾದ ಶಕ್ತಿಯು ಮನೆಯ ಗೋಡೆಯೊಳಗೆ ಹರಿದರೂ ಮನೆಯವರನ್ನು ಸುಡದಂತೆ ಕಟ್ಟುಪಾಡುಗಳನ್ನು ಮಾಡಿದವರು ಯಾರು, ಅದನ್ನು ಅಳೆಯುವ ಮಾನಗಳನ್ನು ಲೋಕಕ್ಕೆಲ್ಲ ಒಂದೇ ಆಗಿ ನಿಲ್ಲಿಸಿದವರು ಯಾರು, ಕಾಲೇಜಿನ ಮೆಟ್ಟಲನ್ನು ಹತ್ತದ ಬಡ ಕೆಲಸಗಾರನಿಗೂ ಇಂಜಿನಿಯರೆಂಬ ಪದವಿಯ ಬಾಗಿಲನ್ನು ತೆರೆದಿಟ್ಟವರು ಯಾರು ಎಂದು ಕೇಳಿದರೆ ವಿದ್ಯಾವಂತರೂ ಉತ್ತರ ಹೇಳಲು ತಡವರಿಸುವರು. ಇವುಗಳಲ್ಲಿ ಬಹುಭಾಗವು ಅರಸರಿಂದಾಗಲಿ ವರ್ತಕರಿಂದಾಗಲಿ ಮೊದಲಾದುದಲ್ಲ. ಇಂಜಿನಿಯರುಗಳು ತಾವಾಗಿಯೇ ಕೂಡಿ ಕಟ್ಟಿಕೊಂಡ ಸಂಘಗಳಿಂದ ಮೊದಲಾದುದು. ಆ ಸಂಘಗಳ ಚರಿತ್ರೆಯನ್ನೂ, ಅದರ ಫಲವು ನಮ್ಮ ಸೀಮೆಗೆ ಮುಟ್ಟಿದ ಬಗೆಯನ್ನೂ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಉಜ್ಜಿದ ತೃಣಮಣಿಯು ಹುಲ್ಲಿನ ಎಳೆಯನ್ನು ಸೆಳೆಯುವುದೆಂಬುದನ್ನು ನಮ್ಮ ಪೂರ್ವಿಕರು ಬಲ್ಲರು. ಆ ಮಣಿಯ ಹೆಸರೇ ಇದಕ್ಕೆ ಸಾಕ್ಷಿ. ಅದೇ ಮಣಿಯ ಗ್ರೀಕು ಹೆಸರಿನಿಂದ ಇಂಗ್ಲೆಂಡಿನ ಗಿಲ್ಬರ್ಟನು 1600ರಲ್ಲಿ ಈ ಶಕ್ತಿಗೆ ಇಂದಿನ ಪಾಶ್ಚಾತ್ಯ ನಾಮವನ್ನು ಕಲ್ಪಿಸಿದನು. ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ ಕಣಾದಮಹರ್ಷಿಯು ಅದೃಷ್ಟವನ್ನು ಕಾರಣವಾಗಿ ಹೇಳಿ ವಿಷಯವನ್ನು ಅಲ್ಲಿಗೇ ಬಿಟ್ಟನು. ಇಷ್ಟರಿಂದಲೇ ತಂತಿಯೂ ದೀಪವೂ ನಮ್ಮವರಿಗೆ ಮೊದಲೇ ತಿಳಿದಿದ್ದುವೆಂದು ಸಾಧಿಸಹೊರಡುವ ಉತ್ಸಾಹವು ನನಗಿಲ್ಲ. ನಮ್ಮಲ್ಲಿ ನಿಜವಾಗಿ ಇದ್ದುದು ಬೇರೊಂದು: ವಾಕ್ಯಾರ್ಥಸಭೆ. ಒಬ್ಬನು ತನ್ನ ಪಕ್ಷವನ್ನು ಮಂಡಿಸುವುದು, ಉಳಿದವರು ಪೂರ್ವಪಕ್ಷವನ್ನೆತ್ತಿ ಪರೀಕ್ಷಿಸುವುದು, ಕೊನೆಗೆ ಸಿದ್ಧಾಂತವು ನಿಲ್ಲುವುದು — ಈ ಕ್ರಮವನ್ನು ಪಾಠಶಾಲೆಯಲ್ಲಿ ಕಂಡವನಿಗೆ ಇಂಜಿನಿಯರುಗಳ ಸಂಘದ ಕಲಾಪವು ಹೊಸದೆನಿಸದು. ಅಲ್ಲಿಯೂ ಸದಸ್ಯನೊಬ್ಬನು ಪ್ರಬಂಧವನ್ನೋದುವನು, ಇತರರು ಆಕ್ಷೇಪಿಸುವರು, ಪ್ರಬಂಧವೂ ಆಕ್ಷೇಪವೂ ಸಮಾಧಾನವೂ ಒಂದೇ ಸಂಪುಟದಲ್ಲಿ ಅಚ್ಚಾಗುವುವು. ಸೋತವನ ಮಾತನ್ನೂ ಅಚ್ಚುಹಾಕಿಸುವ ಈ ಪದ್ಧತಿಯನ್ನು ನಮ್ಮ ಸಭೆಗಳು ಅನುಸರಿಸಿದ್ದರೆ ಎಷ್ಟೊಂದು ಗ್ರಂಥಗಳು ನಮಗೆ ಉಳಿಯುತ್ತಿದ್ದುವೋ!

ಇಂಥ ಸಂಘಗಳಲ್ಲಿ ಹಳೆಯದೆಂದು ಪ್ರಸಿದ್ಧವಾದುದು 1871ರ ಮೇ 17ರಂದು ಲಂಡನ್ನಿನಲ್ಲಿ ಹುಟ್ಟಿತು. ಅಂದು ಕೂಡಿದವರು ಎಂಟೇ ಮಂದಿ. ಆಗ ವಿದ್ಯುದ್ದೀಪವು ಮನೆಗಳಿಗೆ ಬಂದಿರಲಿಲ್ಲ. ವಿದ್ಯುತ್ತೆಂದರೆ ಟೆಲಿಗ್ರಾಫ್ ಎಂದೇ ಅರ್ಥ. ಆದಕಾರಣ ಸಂಘಕ್ಕೂ ಟೆಲಿಗ್ರಾಫ್ ಇಂಜಿನಿಯರುಗಳ ಸಂಘವೆಂದೇ ಹೆಸರಾಯಿತು. ಅದರ ಮೊದಲನೆಯ ಅಧ್ಯಕ್ಷನು ವಿಲಿಯಂ ಸೀಮೆನ್ಸನು. ಇವನೂ ಇವನ ಸೋದರರೂ ಲಂಡನ್ನಿನಿಂದ ಪಾರಸೀಕ ದೇಶದ ಮಾರ್ಗವಾಗಿ ಹಿಂದೂಸ್ಥಾನಕ್ಕೆ ಟೆಲಿಗ್ರಾಫ್ ತಂತಿಯನ್ನು ಎಳೆಯಿಸಿದವರು. ಆ ಮಾರ್ಗವು 1870ರಲ್ಲಿ ನಡೆಯತೊಡಗಿತು. ಹೀಗೆ ಆ ಸಂಘದ ಹುಟ್ಟಿಗೂ ನಮ್ಮ ದೇಶದ ತಂತಿಗೂ ಮೊದಲಿನಿಂದ ನಂಟುಂಟು. ದೀಪಗಳು ಬಂದ ಬಳಿಕ, 1888ರಲ್ಲಿ, ಸಂಘವು ವಿದ್ಯುಚ್ಛಕ್ತಿಯ ಇಂಜಿನಿಯರುಗಳ ಸಂಸ್ಥೆಯೆಂದು ಹೆಸರನ್ನು ಮಾರ್ಪಡಿಸಿಕೊಂಡಿತು. ಅಮೆರಿಕೆಯವರು 1884ರಲ್ಲಿಯೇ ತಮ್ಮದೊಂದನ್ನು ಸ್ಥಾಪಿಸಿಕೊಂಡಿದ್ದರು.

ಮೊದಲು ಎದುರಾದ ತೊಡಕು ಮಾನದ್ದು. ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸಮವಾಗದಿದ್ದ ಕಾಲವನ್ನು ನಮ್ಮ ಹಿರಿಯರು ಸಂತೆಗಳಲ್ಲಿ ಕಂಡವರೇ. ವಿದ್ಯುತ್ತಿನ ವಿಷಯದಲ್ಲಿಯೂ ಹಾಗೆಯೇ ಇದ್ದಿತು. ಒಂದು ದೇಶದವನು ಅಳೆದುದು ಇನ್ನೊಂದು ದೇಶದವನಿಗೆ ತಿಳಿಯದು. 1881ರಲ್ಲಿ ಪ್ಯಾರಿಸ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಮಹಾಸಭೆಯು ವೋಲ್ಟ್, ಆಂಪೇರ್, ಓಮ್ ಮೊದಲಾದ ಮಾನಗಳನ್ನು ಅಂಗೀಕರಿಸಿತು. ವೋಲ್ಟಾ ಇಟಲಿಯವನು, ಆಂಪೇರ್ ಫ್ರಾನ್ಸಿನವನು, ಓಮ್ ಜರ್ಮನಿಯವನು. ಯುದ್ಧದಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ರಾಷ್ಟ್ರಗಳು ಒಬ್ಬರ ವಿದ್ವಾಂಸನ ಹೆಸರನ್ನೊಬ್ಬರು ದಿನನಿತ್ಯದ ಲೆಕ್ಕದಲ್ಲಿ ಬಳಸಲು ಒಪ್ಪಿದುದು ಸಣ್ಣ ಸಂಗತಿಯಲ್ಲ.

ಎರಡನೆಯದು ಪ್ರಾಣದ ಮಾತು. ದೀಪಕ್ಕಾಗಿ ಎಳೆದ ತಂತಿಗಳು ಬಿಸಿಯೇರಿ ಬೆಂಕಿ ಬೀಳುವ ಭಯವು ಹುಟ್ಟಲು, ಲಂಡನ್ನಿನ ಸಂಘವು 1882ರಲ್ಲಿ ಅಗ್ನಿಭಯನಿವಾರಣೆಗಾಗಿ ಕೆಲವು ನಿಯಮಗಳನ್ನು ಪ್ರಕಟಿಸಿತು. ಕೆಲವೇ ಪುಟಗಳ ಆ ಕರಪತ್ರವು ಮುದ್ರಣದಿಂದ ಮುದ್ರಣಕ್ಕೆ ಬೆಳೆದು ಇಂದು ದಪ್ಪವಾದ ಗ್ರಂಥವಾಗಿರುವುದು. ನಮ್ಮ ಮನೆಗಳಲ್ಲಿ ತಂತಿ ಸುಡುವ ಮೊದಲೇ ಫ್ಯೂಸು ಸುಟ್ಟು ದೀಪವಾರುವುದೂ, ಮೀಟರಿನ ಪಕ್ಕದಿಂದ ಒಂದು ತಂತಿಯು ನೆಲಕ್ಕಿಳಿದು ಹೂತುಹೋಗಿರುವುದೂ ಇಂಥ ನಿಯಮಗಳ ಫಲವೇ. ಈ ಹೂತ ತಂತಿಯನ್ನು ನಮ್ಮವರು ಅರ್ಥಿಂಗ್ ಎನ್ನುವರು. ತಂತಿಯ ಹೊದಿಕೆ ಸವೆದು ಯಂತ್ರದ ಮೈಗೆ ವಿದ್ಯುತ್ತು ತಗುಲಿದರೆ ಅದು ಮುಟ್ಟಿದವನ ಮೈಯೊಳಗಿಂದ ಹರಿಯದೆ ಸುಲಭವಾದ ಈ ದಾರಿಯಿಂದ ನೆಲಕ್ಕೆ ಹರಿಯುವುದು. ಹಾಗೆ ಹರಿಯುವ ಪ್ರವಾಹವು ಹೆಚ್ಚಾದೊಡನೆ ಫ್ಯೂಸು ಕಡಿದುಹೋಗುವುದು. ಆದರೆ ನೆಲವು ಒಣಗಿದ್ದರೆ ಈ ದಾರಿಯು ಮುಚ್ಚಿದಂತೆಯೇ. ಕಲ್ಲೂ ಕೆಂಪು ಮಣ್ಣೂ ಕೂಡಿ, ಬೇಸಗೆಯಲ್ಲಿ ಬಿರುಕು ಬಿಡುವ ನಮ್ಮ ಸೀಮೆಯಲ್ಲಿ ಇದು ಪುಸ್ತಕದ ಮಾತಲ್ಲ. ಆದ್ದರಿಂದಲೇ ಗುಂಡಿಗೆ ಇದ್ದಲನ್ನೂ ಉಪ್ಪನ್ನೂ ತುಂಬಿ, ವೈಶಾಖದಲ್ಲಿ ಆಗಾಗ ನೀರು ಹೊಯ್ಯುವ ವಾಡಿಕೆ. ತುಳಸಿಯ ಕಟ್ಟೆಗೆ ನೀರೆರೆಯುವ ಗೃಹಿಣಿಯು ಈ ಗುಂಡಿಗೂ ಒಂದು ಚೆಂಬು ಎರೆದರೆ ನಷ್ಟವೇನೂ ಇಲ್ಲ.

ಇನ್ನು ಕನ್ನಡನಾಡಿನ ಮಾತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸಂಕಲ್ಪವಾಗಿ, ಜೋಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರನ ಯೋಜನೆಯಂತೆ ಕಟ್ಟಲ್ಪಟ್ಟ ಶಿವನಸಮುದ್ರದ ವಿದ್ಯುದಾಗಾರವು 1902ರ ಜೂನಿನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ನಡುವಣ ದೂರ 92 ಮೈಲಿ. ದಿವಾನರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡುದರಿಂದ ತಾವು ನೆಟ್ಟ ಮರದ ಹಣ್ಣನ್ನು ನೋಡಲಿಲ್ಲ. ವಿದ್ಯುದ್ಯಂತ್ರಗಳು ಅಮೆರಿಕೆಯಿಂದ ಬಂದುವು, ಅವುಗಳನ್ನು ನಿಲ್ಲಿಸುವ ಪರಿಣತರೂ ಹೊರಗಿನಿಂದಲೇ ಬರಬೇಕಾಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ದೀಪವು ಬಂದಿತು. 1911ರಲ್ಲಿ ಅದೇ ನಗರದ ಭಾರತೀಯ ವಿಜ್ಞಾನ ಮಂದಿರದಲ್ಲಿ ಪಾಠಗಳು ಆರಂಭವಾದಾಗ ವಿದ್ಯುತ್ ಶಾಸ್ತ್ರಕ್ಕೆಂದೇ ಒಂದು ವಿಭಾಗವೇರ್ಪಟ್ಟು ಆಲ್ಫ್ರೆಡ್ ಹೇ ಎಂಬವರು ಅದರ ಮೊದಲನೆಯ ಆಚಾರ್ಯರಾದರು. ಹೀಗೆ ಶಕ್ತಿಯು ಮೊದಲು ಬಂದು, ಅದನ್ನು ಬಲ್ಲ ನಮ್ಮವರು ಆಮೇಲೆ ಸಿದ್ಧರಾದರು.

ಸಂಘವು ಬಂದುದು ಇನ್ನೂ ತಡವಾಗಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರ್ ಥಾಮಸ್ ಹಾಲೆಂಡರ ಅಧ್ಯಕ್ಷತೆಯಲ್ಲಿ ನಡೆದ ಕೈಗಾರಿಕೆಗಳ ವಿಚಾರಣಾ ಮಂಡಲಿಯ ಸಲಹೆಯಿಂದ ಪ್ರೇರಿತವಾಗಿ, ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಎಂಬ ಭಾರತದ ಇಂಜಿನಿಯರುಗಳ ಸಂಸ್ಥೆಯು 1920ರ ಸೆಪ್ಟೆಂಬರ್ 13ರಂದು ವಿಧ್ಯುಕ್ತವಾಗಿ ದಾಖಲಾಯಿತು. 1935ರಲ್ಲಿ ಅದಕ್ಕೆ ರಾಜಶಾಸನವೂ ದೊರೆಯಿತು. ಕಲ್ಕತ್ತೆಯು ಅದರ ಕೇಂದ್ರಸ್ಥಾನ. ಇದು ವಿದ್ಯುತ್ತಿಗಷ್ಟೇ ಮೀಸಲಲ್ಲ. ಸೇತುವೆ ಕಟ್ಟುವವನೂ ಯಂತ್ರ ಕಟ್ಟುವವನೂ ಇದರ ಸದಸ್ಯರು. ಆದರೂ ವಿದ್ಯುಚ್ಛಕ್ತಿಯ ಶಾಖೆಯು ಇದರ ಪ್ರಬಲವಾದ ಅಂಗಗಳಲ್ಲೊಂದಾಯಿತು. ನಮ್ಮ ದೇಶಕ್ಕೆ ತನ್ನದೇ ಆದ ಮಾನಕಗಳಿರಬೇಕೆಂದು ಒಂದು ಸಂಸ್ಥೆಯ ನಿಬಂಧನೆಗಳ ಮೊದಲ ಕರಡನ್ನು ಸಿದ್ಧಪಡಿಸಿದವರು ಇವರೇ. ಅದರ ಪರಿಣಾಮವಾಗಿ 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮುಂಚೆ, ಭಾರತೀಯ ಮಾನಕ ಸಂಸ್ಥೆಯು ಹುಟ್ಟಿತು. ಅಂಗಡಿಯಲ್ಲಿ ಸ್ವಿಚ್ಚನ್ನು ಕೊಳ್ಳುವಾಗ ಅದರ ಬೆನ್ನಮೇಲೆ ಐ.ಎಸ್.ಐ. ಗುರುತಿದೆಯೇ ಎಂದು ನೋಡುತ್ತೇವಷ್ಟೆ. ಆ ಮೂರಕ್ಷರಗಳ ಮೂಲವು ಇದು. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಂಜಿನಿಯರುಗಳ ದಿನವೆಂದು ಆಚರಿಸುವ ಪದ್ಧತಿಯನ್ನು ನಡಸಿಕೊಂಡು ಬಂದುದೂ ಇದೇ ಸಂಸ್ಥೆ. ಹಾರ ತುರಾಯಿಗಳ ಆ ಉತ್ಸವದ ವಿಚಾರ ಇಲ್ಲಿ ಬೇಡ.

ಇವೆಲ್ಲಕ್ಕಿಂತ ಮಿಗಿಲಾದುದೆಂದು ನಾನು ಎಣಿಸುವ ಕಾರ್ಯವೊಂದುಂಟು. 1928ರಿಂದ ಈ ಸಂಸ್ಥೆಯು ಸಹಸದಸ್ಯತ್ವಕ್ಕೆಂದು ಪರೀಕ್ಷೆಯನ್ನು ನಡಸಲಾರಂಭಿಸಿತು. ಜನರ ಬಾಯಲ್ಲಿ ಅದು ಎ.ಎಂ.ಐ.ಇ. ಎಂದೇ ರೂಢವಾಯಿತು. ಎ, ಬಿ ಎಂದು ಅದರಲ್ಲಿ ಎರಡು ಭಾಗಗಳು. ಓದುವವನು ಯಾವ ಕಾಲೇಜಿನಲ್ಲಿಯೂ ಹಾಜರಿ ಕೊಡಬೇಕಾದುದಿಲ್ಲ. ಹಗಲು ತನ್ನ ಉದ್ಯೋಗದಲ್ಲಿದ್ದು ರಾತ್ರಿ ಓದಿ, ಗೊತ್ತಾದ ದಿನ ಹೋಗಿ ಬರೆದು ಬರಬಹುದು. ಎರಡು ಭಾಗಗಳಲ್ಲಿಯೂ ತೇರ್ಗಡೆಯಾದವನನ್ನು ಸರ್ಕಾರವು ಉದ್ಯೋಗದ ವಿಷಯದಲ್ಲಿ ಪದವೀಧರನಿಗೆ ಸಮನೆಂದು ಎಣಿಸುತ್ತಿದ್ದಿತು. ತೇರ್ಗಡೆಯಾಗುವವರು ಕಡಮೆ, ನಡುವೆ ಕೈಬಿಡುವವರು ಬಹಳ. ಏಕಲವ್ಯನಿಗಾದರೂ ಮಣ್ಣಿನ ಗುರುವಿದ್ದನು. ಇವರಿಗೆ ಹಳೆಯ ಪ್ರಶ್ನಪತ್ರಿಕೆಯೇ ಗುರುವು. ಆದರೆ ಇಲ್ಲಿ ಬೆರಳನ್ನು ಕೇಳುವವರಿರಲಿಲ್ಲ.

ಈ ಬಾಗಿಲಿನ ಬೆಲೆಯನ್ನು ತಿಳಿಯಬೇಕಾದರೆ ನಮ್ಮ ಸೀಮೆಯ ಪೂರ್ವಸ್ಥಿತಿಯನ್ನು ನೆನೆಯಬೇಕು. ಹೊಸಪೇಟೆ, ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಹೊಳೆಯಾಚೆ ನಿಜಾಮರ ರಾಜ್ಯ. ಸಂಡೂರು 1949ರ ವರೆಗೆ ಪ್ರತ್ಯೇಕ ಸಂಸ್ಥಾನ. ಮೈಸೂರಿನ ವಿದ್ಯಾಲಯಗಳ ನೆರಳು ನಮ್ಮ ಮೇಲೆ ಬೀಳುತ್ತಿರಲಿಲ್ಲ. 1945ರ ಫೆಬ್ರವರಿ 28ರಂದು ತುಂಗಭದ್ರೆಯ ಅಣೆಕಟ್ಟಿಗೆ ಅಸ್ತಿಭಾರವಾಯಿತು; 1953ರಲ್ಲಿ ನೀರು ನಿಂತಿತು; ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. 1957ರಲ್ಲಿ ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿಯೂ ಅದರ ಮರುವರ್ಷ ಹಂಪಿಯ ಬಳಿಯ ಕಾಲುವೆಯ ವಿದ್ಯುದಾಗಾರದಲ್ಲಿಯೂ ಯಂತ್ರಗಳು ತಿರುಗಿದುವು. ಎರಡರಲ್ಲಿಯೂ ಕೊನೆಗೆ ನಿಂತುವು ತಲಾ 9 ಮೆಗಾವಾಟಿನ ನಾಲ್ಕು ಯಂತ್ರಗಳು, ಒಟ್ಟು 72 ಮೆಗಾವಾಟು. ವಿರೂಪಾಕ್ಷನ ರಥವನ್ನೆಳೆದ ಊರುಗಳ ಮಕ್ಕಳು ಈ ಯಂತ್ರಗಳ ಮುಂದೆ ಸಹಾಯಕರಾಗಿ ನಿಂತರು. 1971ರಲ್ಲಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾಗಾಂಧಿಯವರು ಅಡಿಗಲ್ಲನ್ನಿಟ್ಟರು; ಕಲ್ಲು ಇಟ್ಟಲ್ಲಿಯೇ ಇದ್ದಿತು, ಕಾರ್ಖಾನೆಯು ಬರಲು ಎರಡು ದಶಕಗಳಿಗೂ ಹೆಚ್ಚು ಹಿಡಿಯಿತು. ಜಿಂದಾಲ್ ಸಂಸ್ಥೆಯವರು ಅದನ್ನು ಕಟ್ಟಿದ ಬಳಿಕ, ಕಬ್ಬಿಣವನ್ನು ಕರಗಿಸುವಾಗ ಹೊರಡುವ ಅನಿಲವನ್ನೂ ಉರಿಸಿ ವಿದ್ಯುತ್ತನ್ನು ಪಡೆಯುವ 130 ಮೆಗಾವಾಟಿನ ಎರಡು ಯಂತ್ರಗಳು ಇಲ್ಲಿ ನಿಂತುವು. ನೆರೆಯ ಕುಡತಿನಿಯಲ್ಲಿ 2007ರಿಂದೀಚೆಗೆ ರಾಜ್ಯದ ವಿದ್ಯುತ್ ನಿಗಮವು ಮೂರು ಘಟಕಗಳನ್ನು ಸ್ಥಾಪಿಸಿದೆ. ಅವುಗಳ ಒಟ್ಟು ಶಕ್ತಿ 1,700 ಮೆಗಾವಾಟು. ಅಣೆಕಟ್ಟಿನ 72ನ್ನೂ ಇದನ್ನೂ ಹೋಲಿಸಿ ನೋಡಿದರೆ ಅರ್ಧ ಶತಮಾನದಲ್ಲಿ ಆದ ವ್ಯತ್ಯಾಸವು ತಾನೇ ತಿಳಿಯುವುದು.

ಇಷ್ಟು ಯಂತ್ರಗಳಿದ್ದಲ್ಲಿ ಡಿಪ್ಲೊಮಾ ಮಾಡಿದವರೂ ಐ.ಟಿ.ಐ. ಕಲಿತವರೂ ನೂರಾರು ಮಂದಿ. ನನ್ನಲ್ಲಿ ಅಮರಕೋಶವನ್ನು ತಡೆತಡೆದು ಒಪ್ಪಿಸುತ್ತಿದ್ದ ಹುಡುಗನೊಬ್ಬನು ಡಿಪ್ಲೊಮಾ ಮುಗಿಸಿ ಪಾಳಿಯ ಕೆಲಸಕ್ಕೆ ಸೇರಿ, ರಾತ್ರಿಪಾಳಿ ಮುಗಿದ ಹಗಲುಗಳಲ್ಲಿ ಓದಿ, ಹನ್ನೊಂದು ವರ್ಷಕ್ಕೆ ಆ ಪರೀಕ್ಷೆಯನ್ನು ಮುಗಿಸಿದನು. ಅವನ ತಾಯಿ ಪೇಡೆಯ ಪೊಟ್ಟಣವನ್ನು ತಂದುಕೊಟ್ಟು, "ಮೇಷ್ಟ್ರೇ, ನಿಮ್ಮ ಹುಡುಗ ಇಂಜಿನಿಯರ್ ಆದ" ಎಂದಾಗ, ಅವನ ಗಣಿತಕ್ಕೂ ನನ್ನ ಸಂಸ್ಕೃತಕ್ಕೂ ಸಂಬಂಧವಿಲ್ಲವೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ಈಗ ಆ ಬಾಗಿಲು ಮೊದಲಿನಂತೆ ಇಲ್ಲ. ಕೇಂದ್ರ ಸರ್ಕಾರದ ಆದೇಶದಂತೆ 2013ರ ಮೇ 31ರ ವರೆಗೆ ಹೆಸರು ದಾಖಲಿಸಿಕೊಂಡವರಿಗೆ ಪದವಿಯ ಸಮಾನತೆಯು ಉಳಿಯಿತು. ಆ ಬಳಿಕ ಸೇರಿದವರಿಗೆ ದೊರೆಯಲಿಲ್ಲ. ಪ್ರಯೋಗಶಾಲೆಯಲ್ಲಿ ನಿಂತು ಕಲಿಯದೆ ಇಂಜಿನಿಯರನಾಗುವುದು ಹೇಗೆ ಎಂಬ ಪೂರ್ವಪಕ್ಷವು ಬಲವಾದುದೇ. ಕಾಗದವನ್ನಷ್ಟೇ ಓದಿದವನ ಕೈಗೆ ಒಂದೂರಿನ ವಿದ್ಯುತ್ತನ್ನು ಒಪ್ಪಿಸಲಾಗದು. ಆದರೆ ಹದಿನೈದು ವರ್ಷ ಯಂತ್ರದ ಮುಂದೆಯೇ ನಿಂತವನಿಗೆ ಪ್ರಯೋಗದ ಅನುಭವವಿಲ್ಲವೆಂದು ಹೇಳುವುದು ಹೇಗೆ? ಅವನ ಅನುಭವವನ್ನೇ ಪರೀಕ್ಷಿಸಿ ಸಮಾನತೆಯನ್ನು ಕೊಡುವ ಮಾರ್ಗವೊಂದನ್ನು ಕಲ್ಪಿಸಬಹುದಾಗಿದ್ದಿತು. ಸಂಜೆಯ ಕಾಲೇಜುಗಳಿರುವ ದೊಡ್ಡ ನಗರದವರಿಗೆ ಈ ನಷ್ಟವು ಅಷ್ಟಾಗಿ ತಟ್ಟದು. ಪಾಳಿಯ ಗಂಟೆಗೆ ಕಟ್ಟುಬಿದ್ದ ತೋರಣಗಲ್ಲಿನವನಿಗೆ ತಟ್ಟುವುದು.

ಕೊನೆಯದಾಗಿ ಭಾಷೆಯ ವಿಚಾರ. ಈ ಸಂಘಗಳ ಸಂಪುಟಗಳೂ ಪರೀಕ್ಷೆಯೂ ಇಂಗ್ಲಿಷಿನಲ್ಲಿಯೇ ನಡೆದುವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರ ಸುಮಾರಿಗೆ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳಿಗೆ ಕನ್ನಡದ ಉಡುಪನ್ನು ತೊಡಿಸಿದರು. ಅದು ಬಹುಕಾಲ ನಡೆಯಲಿಲ್ಲ. ಕಂಬ ಹತ್ತುವ ಲೈನ್‌ಮನ್ನನಿಗೆ ಕನ್ನಡದಲ್ಲಿ ದೊರೆಯುವಂತೆ ಕಾನೂನೇ ವಿಧಿಸಿದುದು ಸ್ವಲ್ಪ ಮಾತ್ರ. 1956ರ ವಿದ್ಯುಚ್ಛಕ್ತಿ ನಿಯಮಗಳಲ್ಲಿ 35ನೆಯದು, ಅಪಾಯದ ಫಲಕವು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲಿಯೂ ಇರಬೇಕೆಂದೂ ತಲೆಬುರುಡೆ ಮತ್ತು ಎಲುಬುಗಳ ಚಿತ್ರವಿರಬೇಕೆಂದೂ ಹೇಳಿತು. 44ನೆಯದು, ವಿದ್ಯುತ್ತು ತಗುಲಿದವನಿಗೆ ಉಸಿರು ಮರಳಿಸುವ ವಿಧಾನವನ್ನು ಅದೇ ರೀತಿ ಜಿಲ್ಲೆಯ ಭಾಷೆಯಲ್ಲಿಯೂ ವಿದ್ಯುದಾಗಾರಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ತೂಗಹಾಕಬೇಕೆಂದು ಹೇಳಿತು. 2010ರಲ್ಲಿ ಹೊಸ ನಿಯಮಗಳು ಬಂದಾಗಲೂ ಜಿಲ್ಲೆಯ ಭಾಷೆಯ ಮಾತು ಉಳಿಯಿತು. ಫಲಕದಲ್ಲಿ "ಅಪಾಯ" ಎಂಬ ಮೂರಕ್ಷರಗಳು ಎಲ್ಲೆಡೆ ಕಾಣುವುವು. ಉಸಿರು ಮರಳಿಸುವ ವಿಧಾನದ ಪಟವನ್ನು ಮಾತ್ರ ನಾನು ಕಂಡ ಕಡೆಗಳಲ್ಲೆಲ್ಲ ಧೂಳು ಮುಚ್ಚಿದ್ದಿತು. ನಮ್ಮ ಶಾಲೆಗಳ ದೊಡ್ಡ ತರಗತಿಯ ಹುಡುಗರಿಂದ ಅದನ್ನು ಸ್ವಚ್ಛವಾದ ಅಕ್ಷರಗಳಲ್ಲಿ ಬರೆಯಿಸಿ, ಸಂಡೂರು ಕಂಪ್ಲಿಗಳ ಪ್ರತಿಯೊಂದು ಪಂಚಾಯತಿಯ ಪಂಪುಮನೆಯಲ್ಲಿಯೂ ತೂಗಹಾಕಿಸಲು ಈ ಸೀಮೆಯ ಇಂಜಿನಿಯರುಗಳು ಮುಂದೆ ಬರುವುದಾದರೆ, ಅಕ್ಷರವನ್ನು ತಿದ್ದುವ ಕೆಲಸಕ್ಕೆ ನಮ್ಮಂಥ ನಿವೃತ್ತ ಉಪಾಧ್ಯಾಯರು ಇಲ್ಲಿ ಬೇಕಾದಷ್ಟು ಮಂದಿ ಇದ್ದೇವೆ.